ಜೋಯಿಸನ ಮನೆಯ ಕೂಗುವ ಫ್ಯಾನು

“ಬುದ್ಧಿ, ಕೂಗಾಡೋ ಮಗಳನ್ನ ಸುಮ್ಮನಿರಿಸೋದು ಹೇಗೆ?”

ಹೀಗೆಂದು ಗುರುಗಳನ್ನು ಕೇಳಿದವನು ಚನ್ನಮಲ್ಲಪ್ಪ, ಮಠದ ಹಳೆಯ ಶಿಷ್ಯ. ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ಅವನ ಒಬ್ಬಳೇ ಮಗಳು ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಇಡೀ ತಾಲ್ಲೂಕಿಗೆ ಮೊದಲು ಬಂದಿದ್ದಳು. ಅಂದಿನಿಂದ ಚನ್ನಮಲ್ಲಪ್ಪನನ್ನು ಹಿಡಿಯುವವರೇ ಇರಲಿಲ್ಲ. ಅಂಗಡಿಯ ಮುಂದೆ ಅವಳ ಫೋಟೊ ಹಾಕಿಸಿ ಫ್ಲೆಕ್ಸ್ ಕಟ್ಟಿಸಿದ. ಕರೆದ ಸಭೆಗಳಿಗೆಲ್ಲ ಅವಳನ್ನು ಕರೆದುಕೊಂಡು ಹೋಗಿ ಹಾರ ಹಾಕಿಸಿದ. ಡಾಕ್ಟರಾಗುತ್ತಾಳೆ ಎಂದು ಅವಳನ್ನೊಂದು ಮಾತೂ ಕೇಳದೆ ಊರಿಗೆಲ್ಲ ಹೇಳಿಕೊಂಡು ಬಂದ. ಗೆಳತಿಯರು ಮನೆಗೆ ಬಂದರೆ, ಓದುತ್ತಿದ್ದಾಳೆ ಎಂದು ಬಾಗಿಲಿನಿಂದಲೇ ಕಳಿಸಿದ. ಸದಾ ನಗುತ್ತಿದ್ದ ಹುಡುಗಿ ಈಗ ಪುಸ್ತಕ ಎಸೆಯುತ್ತಿದ್ದಳು, ಊಟದ ತಟ್ಟೆ ದೂಡುತ್ತಿದ್ದಳು, ನಾಲ್ಕು ಮನೆಗೆ ಕೇಳಿಸುವಂತೆ ಕೂಗುತ್ತಿದ್ದಳು.

“ಬಿಸಿಲು ಗಾಳಿ ಸೋಕದ ಹಾಗೆ ಸಾಕಿದೀನಿ ಬುದ್ಧಿ. ಏನು ಕಡಿಮೆ ಮಾಡಿದೀನಿ ಅಂತ ಕೂಗ್ತಾಳೋ ಗೊತ್ತಾಗ್ತಿಲ್ಲ. ಈ ತಾಯತ ಒಂದು ಮಂತ್ರಿಸಿ ಕೊಡಿ. ಕಟ್ಟಿದರೆ ಸುಮ್ಮನಾದಾಳು” ಎಂದು ಚನ್ನಮಲ್ಲಪ್ಪ ತಾಯತವಿದ್ದ ಅಂಗೈ ಚಾಚಿದ.

ಗುರುಗಳು ತಾಯತವನ್ನು ಮುಟ್ಟಲಿಲ್ಲ. ಕುಳಿತುಕೊಳ್ಳಲು ಹೇಳಿ, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜೋಯಿಸನಿದ್ದ. ಅವನ ತಾತನ ಕಾಲದಿಂದಲೂ ಆ ಮನೆಯವರು ಪಂಚಾಂಗ ಬರೆಯುವವರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ದಿನ ಗೊತ್ತುಮಾಡಬೇಕಾದರೂ ಮನೆಗೆ ಪಾಯ ತೋಡಬೇಕಾದರೂ ಆ ಪಂಚಾಂಗವನ್ನೇ ನೋಡಬೇಕು. ತಾತ ಕೈಯಲ್ಲಿ ಗುಣಿಸಿ ಬರೆಯುತ್ತಿದ್ದ. ಅಪ್ಪನೂ ಹಾಗೆಯೇ ಬರೆದ. ಈ ಜೋಯಿಸ ಮನೆಗೊಂದು ಕಂಪ್ಯೂಟರ್ ತಂದ. ತಿಥಿ, ನಕ್ಷತ್ರ, ಗ್ರಹಣ ಎಲ್ಲವನ್ನೂ ಅದರಲ್ಲೇ ಲೆಕ್ಕ ಹಾಕಿ, ಅದರಲ್ಲೇ ಬರೆದು, ಅಚ್ಚಿಗೆ ಕೊಡುತ್ತಿದ್ದ. ಆರು ವರ್ಷ ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮನೆಯಲ್ಲಿ ಅದೊಂದು ಇದೆ ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಏಳನೆಯ ವರ್ಷ ಊರಿನವರು ಸೇರಿ ಜೋಯಿಸನಿಗೆ ಸನ್ಮಾನ ಮಾಡಿದರು. ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಜರಿ ಅಂಚಿನ ಕೆಂಪು ಶಾಲು ಹೊದಿಸಿದರು. ಜೋಯಿಸ ಒಳ್ಳೆಯ ಮನುಷ್ಯ. ಈ ಮರ್ಯಾದೆ ನನ್ನೊಬ್ಬನದಲ್ಲ, ನನ್ನ ಜೊತೆ ದುಡಿದದ್ದಕ್ಕೂ ಸಲ್ಲಬೇಕು ಎಂದುಕೊಂಡ. ಹಣ್ಣನ್ನು ಹೆಂಡತಿಯ ಕೈಗೆ ಕೊಟ್ಟ. ಶಾಲನ್ನು ಕಂಪ್ಯೂಟರಿನ ಪೆಟ್ಟಿಗೆಗೆ ಹೊದಿಸಿದ. ತುದಿಗಳನ್ನು ಹಿಂದಕ್ಕೆ ತಂದು ನೀಟಾಗಿ ಸಿಕ್ಕಿಸಿ, ಕುಂಕುಮವಿಟ್ಟು, ಕೈಮುಗಿದ. ಅಂದಿನಿಂದ ಆ ಶಾಲು ಅಲ್ಲಿಂದ ಕದಲಲಿಲ್ಲ.

ಕೆಲವು ದಿನಗಳಲ್ಲಿ ಪೆಟ್ಟಿಗೆಯ ಒಳಗಿನ ಫ್ಯಾನು ಸದ್ದು ಮಾಡತೊಡಗಿತು. ಮೊದಮೊದಲು ಗುಂಯ್ ಎನ್ನುತ್ತಿತ್ತು. ಆಮೇಲೆ ಕೂಗತೊಡಗಿತು. ಜೋಯಿಸನಿಗೆ ದಿಗಿಲಾಯಿತು. ಯುಗಾದಿಗೆ ಇನ್ನು ಮೂರು ತಿಂಗಳು. ಹೊಸ ವರ್ಷದ ಪಂಚಾಂಗ ಮುಕ್ಕಾಲು ಪಾಲು ಅದರ ಹೊಟ್ಟೆಯಲ್ಲಿತ್ತು. ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ ಎಂದು ಅಚ್ಚಿನ ಮನೆಯವರು ಎಷ್ಟೋ ಸಲ ಹೇಳಿದ್ದರು. ಹಾಗೆ ಮಾಡುವುದೆಂದರೆ ಅದನ್ನು ಅನುಮಾನಿಸಿದಂತೆ ಎಂದು ಜೋಯಿಸ ಇಟ್ಟಿರಲಿಲ್ಲ.

ಈಗ ಅವನ ಕಿವಿ ಸದಾ ಅದರ ಕಡೆಗೇ. ಸಂಧ್ಯಾವಂದನೆಗೆ ಕುಳಿತರೆ ಜಪದ ಲೆಕ್ಕ ತಪ್ಪುತ್ತಿತ್ತು. ಊಟಕ್ಕೆ ಕುಳಿತರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಸದ್ದು ಏರಿದರೆ, ಇದೀಗ ಕೆಟ್ಟಿತು ಎಂದು ದೇವರನ್ನು ನೆನೆಯುತ್ತಿದ್ದ. ಸದ್ದು ಇಳಿದರೆ, ಕೆಟ್ಟೇಹೋಯಿತೇನೋ ಎಂದು ಎದ್ದು ಓಡುತ್ತಿದ್ದ. ಊರಿನವರ ಗ್ರಹಚಾರವನ್ನೆಲ್ಲ ಬೆರಳ ತುದಿಯಲ್ಲಿ ಹೇಳುವವನಿಗೆ ಒಂದು ಪೆಟ್ಟಿಗೆಯ ಗ್ರಹಚಾರ ತಿಳಿಯದೆ ಹೋಯಿತು. ಒಮ್ಮೆ ಅಷ್ಟಮಿಯ ಜಾಗದಲ್ಲಿ ನವಮಿ ಬರೆದುಬಿಟ್ಟ. ತಪ್ಪು ಕಣ್ಣಿಗೆ ಬಿದ್ದಾಗ ಗಡಿಬಿಡಿಯಲ್ಲಿ ತಿದ್ದಿದ. ಈ ಕೂಗು ನಿಂತರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ಪೆಟ್ಟಿಗೆಯನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದ. ಬಸ್ಸಿನ ಧೂಳಿಗೆ ಶಾಲು ಕೊಳೆಯಾಗಬಾರದೆಂದು, ಅದನ್ನು ತೆಗೆದು ಮಡಿಸಿ ಮನೆಯಲ್ಲೇ ಇಟ್ಟು ಹೋದ. ರಿಪೇರಿಯವನು ಪೆಟ್ಟಿಗೆಗೆ ಕರೆಂಟು ಕೊಟ್ಟು ಬಹಳ ಹೊತ್ತು ನೋಡಿದ. ಫ್ಯಾನು ತಣ್ಣಗೆ ತಿರುಗುತ್ತಿತ್ತು. ಒಂದಿಷ್ಟೂ ಸದ್ದಿಲ್ಲ.

“ಇಲ್ಲಿ ಸುಮ್ಮನಿದೆಯಲ್ಲ ಜೋಯಿಸರೇ. ಮನೇಲಿ ಇದನ್ನ ಹೇಗೆ ಇಟ್ಟಿದೀರಿ?” ಎಂದು ಅವನು ಕೇಳಿದ.

ಜೋಯಿಸನಿಗೆ ಮುಖಕ್ಕೆ ಹೊಡೆದಂತಾಯಿತು. “ಹೇಗೆ ಇಟ್ಟಿದೀನಿ ಅಂದ್ರೆ? ನಮ್ಮನೇಲಿ ದೇವರಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ ಅದಕ್ಕೆ. ನೀನು ಫ್ಯಾನು ಬದಲಾಯಿಸು” ಎಂದ.

ರಿಪೇರಿಯವನು ಹೊಸ ಫ್ಯಾನು ಹಾಕಿಕೊಟ್ಟ. ಜೋಯಿಸ ಮನೆಗೆ ಬಂದು ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು ಮತ್ತೆ ಶಾಲು ಹೊದಿಸಿದ. ಎರಡು ದಿನವೂ ಕಳೆಯಲಿಲ್ಲ, ಹೊಸ ಫ್ಯಾನೂ ಕೂಗಿತು. ಹಳೆಯದಕ್ಕಿಂತ ಜೋರಾಗಿಯೇ ಕೂಗಿತು. ಜೋಯಿಸ ತಲೆಯ ಮೇಲೆ ಕೈಹೊತ್ತು ಕುಳಿತ. ಹೆಂಡತಿ ಏನೋ ಹೇಳಲು ಬಂದರೆ ಅವಳ ಮೇಲೆ ಹರಿಹಾಯ್ದ.

ಮರುದಿನ ಶಾಲು ಬಿಚ್ಚಿ, ಮಡಿಸಿಟ್ಟು, ಅದೇ ಅಂಗಡಿಗೆ ಹೋದ. “ಕೂಗದೇ ಇರೋ ಫ್ಯಾನು ಯಾವುದಿದೆಯೋ ಅದನ್ನ ಹಾಕು” ಎಂದ.

“ಇದೆ ಜೋಯಿಸರೇ. ಒಳಗೆ ಎಷ್ಟೇ ಬಿಸಿಯಾದರೂ ಅದು ತಿರುಗೋದು ನಿಧಾನಕ್ಕೇ. ಕೂಗೋ ಮಾತೇ ಇಲ್ಲ. ಆದರೆ ಇದು ಕೂಗ್ತಿದ್ದದ್ದು ಯಾಕೆ ಅಂತ ನೋಡದೆ...”

“ಆದರೆ ಗೀದರೆ ಬೇಡ ಮಾರಾಯ. ಕೂಗಬಾರದು, ಅಷ್ಟೇ.”

ನಿಧಾನದ ಫ್ಯಾನು ಬಂತು. ಶಾಲು ಮತ್ತೆ ಮೇಲೇರಿತು. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು. ಮನೆಯಲ್ಲಿ ಸದ್ದೇ ಇಲ್ಲ. ಜೋಯಿಸನ ಜೀವಕ್ಕೆ ಹಾಯೆನಿಸಿತು. ಜಪದ ಲೆಕ್ಕ ಸರಿಯಾಯಿತು. ತುತ್ತು ಬಾಯಿಗೆ ಹೋಯಿತು. ಹೆಂಡತಿಗೆ ಸಿಹಿ ಮಾಡಲು ಹೇಳಿದ. ಒಂದು ಸಂಜೆ ಅಕ್ಕರೆಯಿಂದ ಶಾಲಿನ ಮೇಲೆ ಕೈಯಾಡಿಸಿದ. ಬೆಚ್ಚಗಿತ್ತು. ಮಲಗಿದ ಮಗುವಿನ ಮೈ ಹಾಗೆ ಬೆಚ್ಚಗಿದೆ ಎಂದುಕೊಂಡು ಸಂತೋಷಪಟ್ಟ. ಮಗುವಿನ ಮೈ ಅಷ್ಟು ಬಿಸಿಯಾಗಿದ್ದರೆ ಜ್ವರವೆಂದು ಯಾರಾದರೂ ಹೆದರುತ್ತಾರೆ. ಅವನಿಗೆ ಅದು ಹೊಳೆಯಲಿಲ್ಲ.

ಯುಗಾದಿಗೆ ಇಪ್ಪತ್ತು ದಿನವಿರುವಾಗ, ಕೊನೆಯ ಪುಟ ಬರೆಯುತ್ತಿದ್ದಂತೆ, ಎದುರಿನ ಪರದೆ ಕಪ್ಪಾಯಿತು. ಮತ್ತೆ ಬೆಳಗಲಿಲ್ಲ. ಸುಟ್ಟ ವಾಸನೆ ಬಂತು. ಜೋಯಿಸ ಗುಂಡಿ ಒತ್ತಿದ, ತಂತಿ ಅಲುಗಿಸಿದ, ದೇವರಿಗೆ ಹರಕೆ ಹೊತ್ತ. ಪೆಟ್ಟಿಗೆಯನ್ನು ಹೊತ್ತು ಹೋಗುವ ಶಕ್ತಿಯೂ ಉಳಿಯದೆ ರಿಪೇರಿಯವನನ್ನೇ ಮನೆಗೆ ಕರೆಸಿದ.

ರಿಪೇರಿಯವನು ಬಂದವನೇ ಬಾಗಿಲಲ್ಲಿ ನಿಂತುಬಿಟ್ಟ. ಅವನು ಆ ಶಾಲನ್ನು ನೋಡಿದ್ದು ಅದೇ ಮೊದಲು. ಮೆಲ್ಲಗೆ ಹೋಗಿ ಅದರ ತುದಿ ಬಿಡಿಸಿದ. ಗಾಳಿ ಬರುವ ತೂತುಗಳಿದ್ದ ಕಡೆ ಕೆಂಪು ಬಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆ ಬಿಚ್ಚಿ ನೋಡಿ, ಒಳಗಿದ್ದದ್ದು ಯಾವುದೂ ಇನ್ನು ಸಿಗುವುದಿಲ್ಲ ಎಂದ.

“ಇದನ್ನ ಹೊದಿಸಿದ್ದು ಯಾರು?” ಎಂದು ಕೇಳಿದ.

“ನಾನೇ. ನನಗೆ ಸನ್ಮಾನ ಮಾಡಿದ ಶಾಲು ಅದು.”

ರಿಪೇರಿಯವನು ಶಾಲನ್ನು ಜೋಯಿಸನ ಕೈಗೆ ಕೊಟ್ಟ. “ಉಸಿರಾಡೋಕೆ ಗಾಳಿ ಇಲ್ಲದೆ ಕೂಗ್ತಿತ್ತು ಜೋಯಿಸರೇ. ಕೂಗೋವಾಗ ನೀವು ಶಾಲು ತೆಗೀಬೇಕಿತ್ತು. ಫ್ಯಾನು ತೆಗೆಸಿದಿರಿ” ಎಂದಷ್ಟೇ ಹೇಳಿದ.

ಆ ಯುಗಾದಿಗೆ ಹಳ್ಳಿಗಳವರು ಬೇರೆ ಪಂಚಾಂಗ ಕೊಂಡರು. ತಾತನ ಕಾಲದಿಂದ ಪ್ರತಿ ವರ್ಷ ಹಬ್ಬದ ದಿನ ಪಂಚಾಂಗ ಓದುತ್ತಿದ್ದ ಜಗಲಿಯಲ್ಲಿ ಆ ದಿನ ಯಾರೂ ಕೂರಲಿಲ್ಲ. ಜೋಯಿಸ ಒಳಗೆ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನು ಅತ್ತದ್ದನ್ನು ಹೆಂಡತಿಯೊಬ್ಬಳೇ ನೋಡಿದಳು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲಪ್ಪ ಲೊಚಗುಟ್ಟಿದ. “ಪಾಪ, ಎಂಥ ಪೆದ್ದ! ಅಷ್ಟು ಓದಿಕೊಂಡೋನಿಗೆ ಒಂದು ಶಾಲು ತೆಗೆದು ನೋಡೋಣ ಅನ್ನಿಸಲಿಲ್ಲವಲ್ಲ” ಎಂದ. ಹಾಗೆ ಹೇಳುತ್ತಲೇ ಕೈಯಲ್ಲಿದ್ದ ತಾಯತ ಕಣ್ಣಿಗೆ ಬಿತ್ತು. ಮೆಲ್ಲಗೆ ಅದನ್ನು ಜೇಬಿಗೆ ಇಳಿಸಿದ.

ಗುರುಗಳು ಕೇಳಿದರು. “ಇವತ್ತು ಬೆಳಿಗ್ಗೆ ನಿನ್ನ ಮಗಳು ಕೂಗಾಡಿದಳೋ?”

ಚನ್ನಮಲ್ಲಪ್ಪ ನೆನಪಿಸಿಕೊಂಡ. ಮನೆಯಿಂದ ಹೊರಡುವಾಗ, ಭಾನುವಾರ ಇನ್ನೊಂದು ಸನ್ಮಾನವಿದೆ, ಹೊಸ ಸೀರೆ ಉಡಬೇಕು ಎಂದು ಅವಳಿಗೆ ಹೇಳಿದ್ದ. ಬೇರೆ ದಿನವಾಗಿದ್ದರೆ ರಂಪವಾಗುತ್ತಿತ್ತು. ಇಂದು ಅವಳು ತಲೆಯೆತ್ತಲಿಲ್ಲ. ‘ಆಗಲಿ ಅಪ್ಪ’ ಎಂದಳು. ಕಾಫಿಯನ್ನು ಅಲ್ಲೇ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಠಕ್ಕೆ ಹೊರಟ ಗಳಿಗೆಯೇ ಒಳ್ಳೆಯದು ಎಂದು ಅವನು ಆಗ ಹಿಗ್ಗಿದ್ದ. ದಾರಿಯುದ್ದಕ್ಕೂ ಹಿಗ್ಗಿಕೊಂಡೇ ಬಂದಿದ್ದ.

“ಇಲ್ಲ ಬುದ್ಧಿ. ಇವತ್ತು... ಸುಮ್ಮನಿದ್ದಳು” ಎಂದ.

“ಹಾಗಾದರೆ ನೀನಿನ್ನೂ ಇಲ್ಲೇ ಕೂತಿದ್ದೀಯಾ?” ಎಂದರು ಗುರುಗಳು.