ಶಿವಲೀಲಾ ಓದಿದ ಜೀನೋಮ್

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲೊಂದು ಗೋಶಾಲೆ, ಪಕ್ಕದಲ್ಲಿ ಸಣ್ಣ ಪ್ರಯೋಗಾಲಯ. ಗುರು ಮೃತ್ಯುಂಜಯಪ್ಪನವರು ಹಿಂದೆ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು. ಶಿವಲೀಲಾ ಅವರ ಶಿಷ್ಯೆ.

ಒಂದು ಬೇಸಿಗೆಯಲ್ಲಿ ಗೋಶಾಲೆಯ ಕರುಗಳು ಭೇದಿಯಾಗಿ ಸತ್ತವು. ಒಂದು ಮಾತ್ರ ಗಟ್ಟಿಯಾಗಿ ಉಳಿಯಿತು. ಅದರ ಸಗಣಿಯಿಂದ ಶಿವಲೀಲಾ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದಳು. ಕರುಳಿನಲ್ಲಿ ನೆಲೆನಿಂತು ರೋಗಾಣುಗಳನ್ನು ಓಡಿಸುವ ಜೀವಿ ಅದು. ಮೇವಿನಲ್ಲಿ ಬೆರೆಸಿಕೊಟ್ಟರೆ ಊರೂರಿನ ಕರುಗಳು ಉಳಿದಾವು ಎಂಬುದು ಅವಳ ಆಸೆ.

ವರ್ಷಗಟ್ಟಲೆ ದುಡಿದು, ಕೊನೆಗೆ ಅದರ ಜೀನೋಮನ್ನು, ಅಂದರೆ ಅದರೊಳಗಿನ ಅಷ್ಟೂ ಜೀನ್‌ಗಳನ್ನು, ಪೂರ್ತಿ ಓದಿದಳು.

ಅದನ್ನು ಹಂಚಲೆಂದು ಮರುದಿನ ಹೈನುಗಾರರ ಸಭೆ ಕರೆದಿತ್ತು. ಸಂಜೆ ಅವಳು ಹೊಳೆದಂಡೆಗೆ ಬಂದು ಗುರುಗಳ ಎದುರು ಕೂತಳು.

“ಅಪ್ಪಾರ, ಎಲ್ಲಾ ಜೀನೂ ಛಲೋ ಅದಾವ್ರಿ. ಒಂದು ಮಾತ್ರ…”

“ಒಂದು?”

“ಆ್ಯಂಟಿಬಯೋಟಿಕ್‌ಗೆ ಬಗ್ಗದ ಜೀನ್ ರೀ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕ ದಾಟೂವಂಥಾದ್ದು. ರೋಗಾಣುವಿಗೆ ದಾಟಿದರ ಔಷಧ ನಾಟೂದಿಲ್ಲ.”

ಗುರುಗಳು ಅವಳತ್ತ ತಿರುಗಿದರು.

“ಮೂರು ಸಾವಿರ ಜೀನಿನಾಗ ಒಂದರೀ. ದಾಟದೇನೂ ಇರಬಹುದು. ಬ್ಯಾರೆ ಯಾರೂ ನೋಡಿಲ್ಲ.”

“ನೀ ನೋಡೀಯಲ್ಲ.”

“ಏನ್ ಮಾಡ್ಲಿರಿ?”

“ನಿನಗ ಓದು ಬರ್ತದ. ಕರುವಿಗೆ ಬರೂದಿಲ್ಲ.”

ಇಷ್ಟು ಹೇಳಿ ಗುರುಗಳು ಎದ್ದು ಹೋದರು.

ಮರುದಿನ ಅಂಗಳ ತುಂಬಿತ್ತು. ಆಸೆ ಹೊತ್ತು ಬಂದವರ ಮುಖ ನೋಡುತ್ತ ಶಿವಲೀಲಾ ಎದ್ದು ನಿಂತಳು.

“ಇದನ್ನ ನಿಮಗ ಕೊಡಾಂಗಿಲ್ಲರೀ,” ಎಂದಳು. “ಇವತ್ತು ನಿಮ್ಮ ಕರು ಉಳಿದೀತು. ನಾಳೆ ಜಡ್ಡು ಬಿದ್ದರ ಕೊಟ್ಟ ಔಷಧನೂ ಹತ್ತದಂಗ ಆಗಬಹುದು.”

“ಮತ್ತ ನಮ್ಮನ್ನ ಯಾಕ ಕರಸಿದಿ?” ಹಿರಿಯನೊಬ್ಬ ಸಿಟ್ಟಾದ.

“ಇದನ್ನ ನಾನಽ ಹೇಳಬೇಕಿತ್ತರಿ. ಇನ್ನೊಂದು ಹುಡುಕ್ತೀನಿ.”

ಜನ ಗೊಣಗುತ್ತ ಎದ್ದರು. ಯಲ್ಲವ್ವ ಎಂಬ ಮುದುಕಿ ಮಾತ್ರ ಹತ್ತಿರ ಬಂದಳು.

“ಹುಡುಕಾಕ ನಮ್ಮ ಕೊಟ್ಟಿಗಿಗೂ ಬಾ ಮಗಳ. ನಮ್ಮ ಎಮ್ಮಿ ಕರಾನೂ ಗಟ್ಟಿ ಐತಿ.”

ಎಲ್ಲರೂ ಹೋದ ಮೇಲೆ ಶಿವಲೀಲಾ ಗುರುಗಳ ಮುಂದೆ ತಲೆತಗ್ಗಿಸಿ ನಿಂತಳು.

“ನಿಮ್ಮ ಹೆಸರು ಕೆಡಿಸಿದೆ ಅಪ್ಪಾರ. ಇಷ್ಟು ವರ್ಷ ಕಲಿಸಿದಿರಿ, ತೋರಸಾಕ ಕೈಯಾಗ ಏನೂ ಉಳೀಲಿಲ್ಲ.”

ಗುರುಗಳು ತಮ್ಮ ಹೆಗಲ ಮೇಲಿನ ಶಾಲನ್ನು ತೆಗೆದು ಅವಳಿಗೆ ಹೊದಿಸಿದರು. ಅವರ ಕಣ್ಣುಗಳು ತುಂಬಿದ್ದವು.

“ಇನ್ನ ಮ್ಯಾಲೆ ‘ನೀವು ಯಾರು’ ಅಂತ ನನ್ನ ಯಾರರ ಕೇಳಿದರ,” ಎಂದರು, “ನಾ ಶಿವಲೀಲಾನ ಮಾಸ್ತರ ಅಂತೀನಿ.”