ಎರಡೂ ತುದಿಗೆ ಕಟ್ಟಿದ ತಂತಿ

ಲೇತ್ ಮಷೀನಿನ ಕಾಳಪ್ಪ ಕಮ್ಮಾರ ಏಳು ವರ್ಷ ಬೆವರು ಸುರಿಸಿ ಒಂದು ವಿಮಾನ ಕಟ್ಟಿದ. ಆಟಿಕೆಯದಲ್ಲ, ಇಬ್ಬರು ಕೂತು ಹಾರುವಂಥ ನಿಜವಾದ ವಿಮಾನ! ಬಾಗಲಕೋಟೆ ಕಡೆಯ ಒಂದು ಸಣ್ಣ ಊರಿನಲ್ಲಿ ಅವನ ವರ್ಕ್‌ಶಾಪು. ಕಬ್ಬಿನ ಗಾಣದ ಹಲ್ಲುಚಕ್ರ ರಿಪೇರಿಯಾಗುತ್ತಿದ್ದ ಜಾಗದಲ್ಲೇ ರೆಕ್ಕೆಗಳು ತಯಾರಾದವು. ಮೊದಲು ನಕ್ಕಿದ್ದ ಜನ, ರೆಕ್ಕೆ ಬಾಗಿಲಿನಿಂದ ಹೊರಬಂದ ದಿನ ಚಪ್ಪಲಿ ಬಿಟ್ಟು ಅದರ ಮೈ ಮುಟ್ಟಿ ನೋಡಿದರು. ಇದನ್ನು ನಾನೇ ಮಾಡಿದೆನೇ ಎಂದು ಕಾಳಪ್ಪನಿಗೂ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು.

ಹಾರುವುದನ್ನು ಅವನು ಕಲಿತು ಬಂದಿದ್ದ. ಕಾಗದಪತ್ರಗಳೂ ಆಗಿದ್ದವು. ಉಳಿದದ್ದು ಮಾತಿನ ಕೆಲಸ. ಇಂಜಿನ್ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸದು. ಅದಕ್ಕೇ ಕಿವಿಗೆ ಹೆಡ್‌ಫೋನು, ಬಾಯಿಯ ಮುಂದೆ ಮೈಕು. ಅಲ್ಲಿಂದ ರೇಡಿಯೊವರೆಗೆ ಕಸಬರಿಗೆ ಕಡ್ಡಿಯಷ್ಟು ಸಣ್ಣ ತಂತಿ. ಹೊರಗಿನ ಕರೆಂಟಿನ ಗದ್ದಲ ಒಳಗಿನ ಮಾತಿಗೆ ತಾಗದಿರಲೆಂದು ಆ ತಂತಿಯ ಸುತ್ತ ತಾಮ್ರದ ಜಾಲರಿ.

ಊರಿನಲ್ಲಿ ಇಮಾಮ್‌ಸಾಬ ನದಾಫ ಎಂಬ ಹಿರಿಯರಿದ್ದರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ರೇಡಿಯೊ ನೋಡಿಕೊಂಡವರು, ಈಗ ಬಜಾರಿನಲ್ಲಿ ಮಿಕ್ಸಿ ರಿಪೇರಿ ಮಾಡುತ್ತಿದ್ದರು. ಅವರು ಬಂದು ಕೆಲಸ ಹೇಳಿಕೊಟ್ಟರು.

"ಕಾಳಪ್ಪ, ಜಾಲರಿ ರೇಡಿಯೊ ಕಡೆ ತುದಿಗೆ ಅಷ್ಟ ಕಟ್ಟು. ಇನ್ನೊಂದು ತುದಿ ಹಂಗ ಬಿಡು. ಹೆಡ್‌ಫೋನ್ ಸಾಕೆಟ್ಟು ವಿಮಾನದ ತಗಡಿಗೆ ತಾಗಬಾರದು. ನಡುವ ಈ ಫೈಬರ್ ವಾಷರ್ ಹಾಕು."

ಕಾಳಪ್ಪ ಹೂಂ ಎಂದ. ಅವರು ಅತ್ತ ಹೋದದ್ದೇ ತಡ, ಒಳಗೊಳಗೇ ನಕ್ಕ. ಅವನ ವರ್ಕ್‌ಶಾಪಿನಲ್ಲಿ ಪ್ರತಿ ಮೋಟಾರಿನ ಮೈಯಿಂದ ನೆಲಕ್ಕೆ ಎರಡೆರಡು ಅರ್ಥಿಂಗ್ ತಂತಿ. ಒಮ್ಮೆ ಒಂದು ಅರ್ಥಿಂಗ್ ಕಡಿದುಹೋಗಿ, ಎರಡನೆಯದು ಅವನ ಜೀವ ಉಳಿಸಿತ್ತು. ಅಂದಿನಿಂದ ಸಡಿಲ ತುದಿ ಕಂಡರೆ ಅವನಿಗೆ ಆಗದು. ಮಿಕ್ಸಿ ರಿಪೇರಿಯವರಿಗೆ ಮಷೀನಿನ ಮರ್ಮ ಏನು ಗೊತ್ತು ಎಂದುಕೊಂಡು ಜಾಲರಿಯನ್ನು ಎರಡೂ ತುದಿಗೆ ಬಿಗಿದ. ಸಾಕೆಟ್ಟನ್ನು ನೇರವಾಗಿ ತಗಡಿಗೇ ಕೂರಿಸಿ ನಟ್ಟು ತಿರುವಿದ.

ಇಂಜಿನ್ ಬಂದ್ ಇದ್ದಾಗ ಮಾತು ಗಂಟೆ ಬಾರಿಸಿದಂತೆ ಕೇಳಿತು. ಇಂಜಿನ್ ಚಾಲೂ ಮಾಡಿದರೆ ಕಿವಿಯೊಳಗೆ ಕುಂಯ್ಯೋ ಎಂಬ ಕೊರೆತ. ಇಂಜಿನ್ ಜೋರಾದಷ್ಟೂ ಅದೂ ಜೋರು. ವಿಮಾನ ಅಂದಮೇಲೆ ಇಷ್ಟು ಸದ್ದು ಇದ್ದದ್ದೇ ಎಂದು ಕಾಳಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಊರಾಚೆ, ಯಾವುದೋ ಕಾರ್ಖಾನೆಯವರು ಬಿಟ್ಟುಹೋದ ಹಳೆಯ ವಿಮಾನಪಟ್ಟಿ ಇತ್ತು. ಹಾರುವ ಮೊದಲು ನೆಲದ ಮೇಲೆ ಓಡಿಸಿ ನೋಡಬೇಕು. ಆ ವಿಮಾನದ ಮೂರನೆಯ ಚಕ್ರ ಬಾಲದಲ್ಲಿ. ಹಾಗಾಗಿ ಮೂತಿ ಆಕಾಶ ನೋಡುತ್ತದೆ, ಒಳಗೆ ಕೂತವನಿಗೆ ಮುಂದಿನ ದಾರಿ ಕಾಣುವುದಿಲ್ಲ. ಹೆಂಡತಿ ದಾಕ್ಷಾಯಣಿ ಕೈಯಲ್ಲಿ ಸಣ್ಣ ರೇಡಿಯೊ ಹಿಡಿದು ಪಟ್ಟಿಯ ಅಂಚಿಗೆ ನಿಂತಳು. ಅವಳು ಹೇಳಬೇಕು, ಇವನು ಕೇಳಬೇಕು.

ವಿಮಾನ ಅರ್ಧ ಪಟ್ಟಿ ಓಡಿತ್ತು. ಆಗ ಮೇಕೆಗಳ ಹಿಂಡೊಂದು ಅಡ್ಡ ಬಂತು, ಹಿಂದೆ ಮೇಯಿಸುವ ಮುದುಕಿ. ದಾಕ್ಷಾಯಣಿ "ನಿಲ್ಲಸ್ರಿ" ಎಂದಳು. ಕೂಗಿದಳು. ಕಿರುಚಿದಳು. ಕಾಳಪ್ಪನ ಕಿವಿಯಲ್ಲಿ ಕುಂಯ್ಯೋ ಒಂದೇ. ಕೊನೆಗೆ ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಪಟ್ಟಿಗೇ ಓಡಿಬಂದಳು. ಪಕ್ಕದ ಗಾಜಿನಲ್ಲಿ ಹಸಿರು ಸೀರೆ ಮಿಂಚಿದ್ದನ್ನು ಕಂಡು ಕಾಳಪ್ಪ ಬ್ರೇಕ್ ಒತ್ತಿದ. ತಿರುಗುವ ಪಂಖಕ್ಕೂ ಅವಳಿಗೂ ನಡುವೆ ಒಂದು ಮಂಚದಷ್ಟು ಜಾಗ ಉಳಿದಿತ್ತು. ಅವನು ಇಂಜಿನ್ ಬಂದ್ ಮಾಡಿದ.

"ಹತ್ತು ಸಲ ಒದರೀನಿ! ಕೇಳಲಿಲ್ಲೇನ್ರಿ?"

ಅವನು ಹೆಡ್‌ಫೋನು ಕಿತ್ತಿಟ್ಟು ಕೆಳಗಿಳಿದ. ಏಳು ವರ್ಷದ ಕೆಲಸ ಒಂದು ಗಳಿಗೆಯಲ್ಲಿ ಅವಳನ್ನೇ ನುಂಗಿಬಿಡುತ್ತಿತ್ತು.

ಅವನು ಸೀದಾ ಬಜಾರಿಗೆ ಹೋದ. ಆದರೂ ಜಂಬ ಪೂರ್ತಿ ಇಳಿದಿರಲಿಲ್ಲ.

"ಸಾಬ್ರ, ಒಂದು ಫಿಲ್ಟರ್ ಡಬ್ಬಿ ಹಾಕಿದ್ರ ಸದ್ದು ಹೋಗ್ತೈತೇನ್ರಿ?"

"ಸದ್ದು ಒಂದೀಟು ಹೋಗ್ತೈತಿ. ತಪ್ಪು ಹೋಗೂದಿಲ್ಲ. ಎರಡೂ ತುದಿ ಕಟ್ಟೀದಿ, ಹೌದಲ್ಲ?"

ಕಾಳಪ್ಪ ತಲೆ ತಗ್ಗಿಸಿದ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. "ಕಟ್ಟೀನ್ರಿ. ನಿಮ್ಮ ಮಾತು ಮೀರಿ ಕಟ್ಟೀನಿ. ಇವತ್ತು ಆಕಿ ಸಾಯತಿದ್ಲು."

ಇಮಾಮ್‌ಸಾಬರು ಬೈಯಲಿಲ್ಲ. ಬಿಚ್ಚಿದ್ದ ಮಿಕ್ಸಿ ಬದಿಗಿಟ್ಟರು. "ನಿನ್ನ ವರ್ಕ್‌ಶಾಪಿನಾಗ ಎರಡು ಅರ್ಥಿಂಗ್ ಜೀವಾ ಕಾಯ್ತಾವ, ಖರೆ. ಇಲ್ಲಿ ಜಾಲರಿ ಕೆಲಸ ಬ್ಯಾರೆ. ವಿಮಾನದ ತಗಡಿನ ಮೈಯಾಗ ಇಂಜಿನ್ನಿನ ಕರೆಂಟ್ ವಾಪಸ್ ಹರೀತೈತಿ. ರೇಡಿಯೊನೂ ತಗಡಿಗೇ ಕೂತೈತಿ. ಎರಡೂ ತುದಿ ಕಟ್ಟಿದ್ರ ಆ ಕರೆಂಟಿಗೆ ಜಾಲರಿನೂ ಒಂದು ದಾರಿ ಆಗ್ತೈತಿ. ಮಾತು ಕಾಯಾಕ ಹಾಕಿದ್ದು ಗದ್ದಲಾ ಹೊತ್ಕೊಂಡು ಬರ್ತೈತಿ. ನಿನಗ ಕೆಲಸಾ ಬರೂದಿಲ್ಲಂತ ಅಲ್ಲೋ, ಇದು ಆ ಕೆಲಸಾ ಅಲ್ಲ."

ಮರುದಿನ ಕಾಳಪ್ಪ ತಾನೇ ಹೊಳಪು ಕೊಟ್ಟು ಕೂರಿಸಿದ್ದ ಮುಂದಿನ ಫಲಕವನ್ನೆಲ್ಲ ಬಿಚ್ಚಿದ. ಮೂರು ದಿನ ಹಿಡಿಯಿತು. ಜಾಲರಿಯ ಸಾಕೆಟ್ಟಿನ ಕಡೆ ತುದಿ ಕತ್ತರಿಸುವಾಗ ಕೈ ಹಿಂಜರಿಯಿತು. ಕತ್ತರಿಸಿದ. ಬಿಟ್ಟ ತುದಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಸಾಕೆಟ್ಟಿಗೆ ವಾಷರ್ ಹಾಕಿದ.

ಇಂಜಿನ್ ಚಾಲೂ ಮಾಡಿದ. ಕಿವಿಯಲ್ಲಿ ಆ ಕೊರೆತದ ಸುಳಿವೇ ಇಲ್ಲ! ರೇಡಿಯೊ ಕೆಟ್ಟಿತೇನೋ ಎಂದು ಗಾಬರಿಯಾಯಿತು. ಅಷ್ಟರಲ್ಲಿ ಒಂದು ಉಸಿರು ಕೇಳಿಸಿತು. ಆಮೇಲೆ ಬಳೆಯ ಸದ್ದು. ಎಲ್ಲೋ ಹಿಂದೆ ಒಂದು ಹಕ್ಕಿ.

"ಕೇಳಸ್ತೈತೇನ್ರಿ?" ಎಂದಳು ದಾಕ್ಷಾಯಣಿ, ಮೆಲ್ಲಗೆ.

ಪಟ್ಟಿಯ ಅಂಚಿನಲ್ಲಿ ಅಷ್ಟು ದೂರ ನಿಂತವಳ ಉಸಿರು ಒಂದು ಸಣ್ಣ ತಂತಿಯೊಳಗೆ ಹಾದು ಬಂದಿತ್ತು. ಕಾಳಪ್ಪ ಬೆರಗಾಗಿ ಕೂತುಬಿಟ್ಟ, ಕಣ್ಣು ತುಂಬಿ ಬಂತು. ತಾನು ಕಟ್ಟಿದ ರೆಕ್ಕೆಗಿಂತ, ಬಿಚ್ಚಿದ ಈ ಒಂದು ಗಂಟು ಅವನಿಗೆ ದೊಡ್ಡದಾಗಿ ಕಂಡಿತು.

ಒಂದು ಮುಂಜಾನೆ ಅವನು ಹಾರಿದ. ಕೆಳಗೆ ಹೊಲಗಳು, ಹೊಳೆ, ಸುತ್ತ ಎಲ್ಲೆಯೇ ಇಲ್ಲದ ಬೆಳಕು. ಮನುಷ್ಯ ಎಷ್ಟು ಚಿಕ್ಕವನು, ಎಷ್ಟು ದೂರ ಬಂದ ಎಂದು ಅವನಿಗೆ ಅನ್ನಿಸಿತು. ಒಂದು ಸುತ್ತು ಹಾಕಿ ಇಳಿಯಲು ಬಂದ. ನೆಲ ಇನ್ನೇನು ತಾಗಬೇಕು, ಮೂತಿ ಮೇಲೆದ್ದು ಮುಂದಿನ ಪಟ್ಟಿ ಮರೆಯಾಯಿತು.

"ಇಳೀಬ್ಯಾಡ್ರಿ. ಮ್ಯಾಲ ಹೋಗ್ರಿ."

ಅವಳು ಕೂಗಲಿಲ್ಲ, ಒಂದೇ ಸಲ ಹೇಳಿದಳು. ಅವನು ಏಕೆ ಎಂದು ಕೇಳಲಿಲ್ಲ, ವಿಮಾನವನ್ನು ಮೇಲಕ್ಕೆತ್ತಿದ. ರೆಕ್ಕೆಯ ಕೆಳಗೆ ಒಂದು ಮೋಟಾರ್‌ಸೈಕಲ್ಲು ಪಟ್ಟಿ ದಾಟಿತು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಕೂಸು. ಮೂವರೂ ತಲೆಯೆತ್ತಿ ಬಾಯಿ ಬಿಟ್ಟು ನೋಡುತ್ತಿದ್ದರು.

"ಈಗ ಬರ್ರಿ," ಎಂದಳು ದಾಕ್ಷಾಯಣಿ. ಅವನು ಇಳಿದ.

ನೀತಿ: ಒಂದು ಕೆಲಸದಲ್ಲಿ ನಮ್ಮ ಜೀವ ಕಾಯ್ದ ಪಾಠವೇ ಇನ್ನೊಂದು ಕೆಲಸದಲ್ಲಿ ನಮ್ಮವರ ಜೀವಕ್ಕೆ ಕುತ್ತಾಗಬಹುದು. ಹೊಸ ಕೆಲಸಕ್ಕೆ ಕೈಹಾಕುವಾಗ ಬಲ್ಲವರ ಮಾತು ಕೇಳಬೇಕು. ತಪ್ಪಿದ್ದರೆ ಮುಚ್ಚಿಡದೆ ಒಪ್ಪಿಕೊಂಡು ಬಿಚ್ಚಬೇಕು.