ಮೌಲಾಲಿ ಕೂಡಿಸಿದ ಟ್ಯಾಂಕು

“ಸಿರಿಕೋಟೆಯಲ್ಲಿ ಕಿವಿ ಇರುವವರೆಲ್ಲ ಕೇಳಿ! ಅರಮನೆಯ ಹಳೆಯ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕು ಬೇಕಾಗಿದೆ. ಕೂಡಿಸಬಲ್ಲೆ ಎನ್ನುವವರು ಟ್ಯಾಂಕಿನ ಸಮೇತ ಬರಬೇಕು. ಮೊದಲು ರಾಜಕುಮಾರಿ ಚೆಲುವಾಂಬೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ!”

ಡಂಗುರದವನು ಹೀಗೆ ಸಾರಿ ಹೋದ. ಒಂದು ಟ್ಯಾಂಕಿಗೆ ತಲೆಯೇ ಎಂದು ಯಾರೂ ಕೇಳಲಿಲ್ಲ. ಹಿಂದಿನ ವರ್ಷ ಆ ಕಾರಿನ ಟ್ಯಾಂಕು ಸೋರಿತ್ತು. ಬಿಚ್ಚಿ ಬೆಸುಗೆ ಹಾಕುವಾಗ ಅದು ಸಿಡಿದು, ರಾಜಕುಮಾರಿಯ ಅಣ್ಣ ಯುವರಾಜನೂ ಬೆಸುಗೆ ಹಾಕುತ್ತಿದ್ದ ಕಲಾಯಿ ಇಮಾಮಸಾಬನೂ ಸತ್ತಿದ್ದರು. ಶತ್ರುಗಳ ಮಾತು ಕೇಳಿ ಇಮಾಮಸಾಬನೇ ಬೇಕೆಂದು ಸುಟ್ಟ ಎಂದು ಊರು ತೀರ್ಮಾನಿಸಿತು. ಊರಿಗೆ ತೀರ್ಮಾನ ಮಾಡಲು ಸಾಕ್ಷಿ ಯಾವತ್ತು ಬೇಕಾಗಿತ್ತು? ಅಂದಿನಿಂದ ಅವನ ಹೆಂಡತಿ ಖಾಸಿಂಬಿಯ ಮನೆಗೆ ಒಬ್ಬರೂ ಕಲಾಯಿಗೆ ಪಾತ್ರೆ ಕೊಡಲಿಲ್ಲ. ಅವಳು ಬಾವಿಗೆ ಬಂದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು.

ಮೊದಲು ಬಂದವನು ಬೆಳ್ಳಿಪುರದ ಅರಸುಮಗ ಪ್ರತಾಪರುದ್ರ. ಅವನ ಟ್ಯಾಂಕಿಗೆ ಬೆಳ್ಳಿಯ ಲೇಪ, ಉಸಿರೂ ನುಸುಳದಷ್ಟು ಬಿಗಿ ಮುಚ್ಚಳ.

ರಾಜಕುಮಾರಿ ಕೇಳಿದಳು: “ಒಂದು ಮನೆ. ಒಳಗಿನವರು ಹೊರಡಬೇಕೆಂದರೆ ಕಣ್ಣಿಗೆ ಕಾಣದ ನೆಂಟನೊಬ್ಬ ಒಳಗೆ ಬರಬೇಕು. ನೆಂಟನಿಗೆ ಬಾಗಿಲು ಹಾಕಿದರೆ ಮನೆಯವರು ಹೊಸಿಲಲ್ಲೇ ನಿಲ್ಲುತ್ತಾರೆ. ಯಾವ ಮನೆ?”

“ಸೆರೆಮನೆ! ನೆಂಟ ಎಂದರೆ ಅರಸನ ಅಪ್ಪಣೆ.”

“ಹಾಗಾದರೆ ಅಲ್ಲೇ ಹೋಗಿ ಕೂತಿರಿ, ಅರಸುಮಗನೇ.”

ಎರಡನೆಯವನು ಹಡಗು ಹತ್ತಿ ಹೋಗಿ ವಿದೇಶದಲ್ಲಿ ಓದಿ ಬಂದ ಎಂಜಿನಿಯರ್ ಶ್ರೀಧರರಾಯ. ಮೊದಲ ಒಗಟು ಬಿಡಿಸಿದ. ರಾಜಕುಮಾರಿ ಎರಡನೆಯದನ್ನು ಕೇಳಿದಳು: “ಕಲ್ಲೇಟಿಗೂ ಸಾಯದವನು, ಬಿಡದೆ ಅಪ್ಪಿಕೊಂಡವರ ತೋಳಿನಲ್ಲೇ ಸತ್ತ. ಯಾರವನು?”

“ಬಳ್ಳಿ ಸುತ್ತಿದ ಮರ,” ಎಂದ ರಾಯ, ಕನ್ನಡಕ ಸರಿಮಾಡಿಕೊಳ್ಳುತ್ತ. ಕಾವಲಿನವರು ಅವನನ್ನೂ ಕರೆದೊಯ್ದರು.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಇಮಾಮಸಾಬನ ಮಗ ಮೌಲಾಲಿ ತನ್ನ ಕೈಯಾರೆ ಮಾಡಿದ ಟ್ಯಾಂಕನ್ನು ಹೆಗಲಿಗೇರಿಸಿದ. ತಾಯಿ ಬಾಗಿಲಿಗೆ ಅಡ್ಡ ನಿಂತಳು.

“ನಿಮ್ಮಪ್ಪನ್ನ ಕೊಟ್ಟಿದ್ದು ಸಾಲ್ದಾ? ನಿನ್ನೂ ಕೊಡ್ಬೇಕಾ?”

“ಟ್ಯಾಂಕು ಯಾಕೆ ಸಿಡೀತು ಅಂತ ಸಭೇಲಿ ಹೇಳ್ಬೇಕಮ್ಮಾ. ಬೇರೆಲ್ಲಿ ನನ್ನ ಮಾತು ಕೇಳ್ತಾರೆ? ಹೋಗದಿದ್ರೆ ಅಪ್ಪ ಕೊಲೆಗಾರನಾಗೇ ಉಳೀತಾನೆ.”

ಅವಳು ಬಾಗಿಲು ಬಿಟ್ಟಳು.

ಸಭೆಯಲ್ಲಿ ದಿವಾನರು ಮೂಗು ಮುರಿದರು. “ಅಪ್ಪ ಯುವರಾಜರನ್ನು ಸುಟ್ಟ. ಮಗ ಕಾರು ಸುಡಲು ಬಂದನೋ?”

“ಅವನು ಉತ್ತರ ಹೇಳಲು ಬಂದಿದ್ದಾನೆ, ದಿವಾನರೇ. ನಿಮ್ಮನ್ನು ಯಾರೂ ಕೇಳಿಲ್ಲ,” ಎಂದು ರಾಜಕುಮಾರಿ ಮೊದಲ ಒಗಟು ಹೇಳಿದಳು.

“ಆ ಮನೆ ಟ್ಯಾಂಕು, ಅಮ್ಮಣ್ಣಿಯವರೇ. ನೆಂಟ ಗಾಳಿ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಅಂಗಡಿಯವರು ಇನ್ನೊಂದು ಹೊಡೆಯುತ್ತಾರೆ. ಈ ಟ್ಯಾಂಕಿನ ಮುಚ್ಚಳದಲ್ಲೂ ಸೂಜಿಯಷ್ಟು ತೂತು ಬೇಕು. ಅದಿಲ್ಲದ ಕಾರು ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ.”

ಎರಡನೆಯ ಒಗಟಿಗೆ ಅವನು ಹಳೆಯ ಟ್ಯಾಂಕು ನೋಡಬೇಕೆಂದ. ಬಿಳಿ ಬಟ್ಟೆ ಮುಚ್ಚಿದ್ದ ಅದನ್ನು ತಂದಿಟ್ಟರು. ಒಂದು ಮಗ್ಗುಲು ಹರಿದುಹೋಗಿತ್ತು. ಮೌಲಾಲಿ ಮಂಡಿಯೂರಿ ಕೂತು, ಅದರ ಮೈ ಸವರಿದ.

“ತಳಕ್ಕೆ ಎಷ್ಟೊಂದು ಕಲ್ಲು ಬಡಿದಿವೆ. ತಗ್ಗಾಗಿದೆ, ತೂತಾಗಿಲ್ಲ. ತೂತು ಬಿದ್ದಿರುವುದು ಇಲ್ಲಿ, ಅಪ್ಪಿ ಹಿಡಿದಿದ್ದ ಕಬ್ಬಿಣದ ಪಟ್ಟಿಯ ಕೆಳಗೆ. ಪಟ್ಟಿ ಉಜ್ಜಿದೆ, ಸಂದಿಯಲ್ಲಿ ನೀರು ನಿಂತು ತುಕ್ಕು ತಿಂದಿದೆ. ಅಪ್ಪಿದವನಿಂದಲೇ ಸತ್ತದ್ದು ಈ ಟ್ಯಾಂಕು. ಹೊಸದಕ್ಕೆ ಪಟ್ಟಿಯ ಕೆಳಗೆ ಎಣ್ಣೆ ಉಣಿಸಿದ ತೊಗಲು ಇಟ್ಟು ಕೂಡಿಸುತ್ತೇನೆ.”

ಮೂರನೆಯ ಒಗಟನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ರಾಜಕುಮಾರಿಯ ದನಿ ತಗ್ಗಿತು.

“ಹೊಟ್ಟೆ ತುಂಬಿದ್ದಾಗ ನಮ್ಮನ್ನು ಹೊತ್ತು ತಿರುಗಿತು. ಹೊಟ್ಟೆ ಬರಿದಾದ ಮೇಲೆ ಕೊಂದಿತು. ಯಾವುದದು?”

ಮೌಲಾಲಿ ಬಾಯಿ ತೆರೆಯಲಿಲ್ಲ. ಗೊತ್ತಿಲ್ಲವೆಂದು ಜನ ತಿಳಿದರು, ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದ. ಗೊತ್ತಿದ್ದದ್ದೇ ಅವನ ಕಷ್ಟವಾಗಿತ್ತು. ಅಪ್ಪ ಕೊಲೆಗಾರನಲ್ಲ ಎಂದು ಹೇಳಬೇಕಾದರೆ, ತಪ್ಪು ಮಾಡಿದವನು ಅಪ್ಪನೇ ಎಂದು ಅದೇ ಬಾಯಲ್ಲಿ ಹೇಳಬೇಕಿತ್ತು.

“ಇದೇ ಟ್ಯಾಂಕು, ಅಮ್ಮಣ್ಣಿ,” ಎಂದ ಕೊನೆಗೆ. “ಪೆಟ್ರೋಲು ಬಸಿದರೂ ಅದರ ಆವಿ ಒಳಗೆ ಉಳಿಯುತ್ತದೆ. ಗಾಳಿಯ ಜೊತೆ ಸೇರಿಕೊಂಡು ಬೆಂಕಿಗೆ ಕಾಯುತ್ತದೆ. ಊರಾಚೆ ಬರಿದಾದ ಪೆಟ್ರೋಲ್ ಡಬ್ಬಕ್ಕೆ ಉದ್ದ ಕೋಲಿನಿಂದ ಕಿಡಿ ಮುಟ್ಟಿಸಿ ನೋಡಿದ್ದೇನೆ, ಸಿಡಿಯಿತು. ಕಲಾಯಿಯವರು ಪಾತ್ರೆ ಬರಿದು ಮಾಡಿ, ಒರೆಸಿ, ಆಮೇಲೇ ಬೆಂಕಿಗೆ ಹಿಡಿಯುವುದು. ನಮಗೆ ಬರಿದಾದ ಪಾತ್ರೆ ಎಂದರೆ ಭಯವಿಲ್ಲದ ಪಾತ್ರೆ. ಅಪ್ಪ ಹಾಗೇ ಮಾಡಿದ. ತಪ್ಪು ಅವನದೇ. ಆದರೆ ಕೊಲ್ಲಬೇಕೆಂದವನು ತನ್ನ ಮುಖವನ್ನೂ ಅದರ ಹತ್ತಿರ ಇಡುತ್ತಿದ್ದನೇ?”

ರಾಜಕುಮಾರಿ ಗದ್ದುಗೆಯಿಂದ ಇಳಿದಳು. “ಮೂರೂ ಸರಿ. ಆದರೆ ತಪ್ಪು ಅವನೊಬ್ಬನದಲ್ಲ. ‘ಸ್ವಲ್ಪ ತಾಳಿ, ಬಿಸಿಲಿಗಿಡೋಣ’ ಎಂದ ನಿಮ್ಮಪ್ಪ. ‘ಬರಿದಾಗಿದೆಯಲ್ಲ, ಕಾಯಿಸು’ ಎಂದು ಅವಸರ ಮಾಡಿದವನು ನನ್ನ ಅಣ್ಣ. ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ಸತ್ತವನ ಹೆಸರು ಕೆಡಬಾರದೆಂದು ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದೆ.”

ದಿವಾನರು ನೆಲ ನೋಡಿದರು.

“ಏನು ಬೇಕು, ಕೇಳು,” ಎಂದಳು ರಾಜಕುಮಾರಿ.

“ಈ ಮಾತನ್ನು ನನ್ನ ತಾಯಿಯ ಎದುರು ಹೇಳಿ, ಅಮ್ಮಣ್ಣಿ. ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಗೊತ್ತಿಲ್ಲದ್ದಕ್ಕೆ ಜನ ಸತ್ತದ್ದು ಸಾಕು.”

ಇಬ್ಬರನ್ನೂ ಅವತ್ತೇ ಬಿಟ್ಟರು. ಮೌಲಾಲಿ ತನ್ನ ಟ್ಯಾಂಕಿಗೆ ಎರಡು ದಿನ ನೀರು ತುಂಬಿಟ್ಟು ಸೋರುವುದಿಲ್ಲವೆಂದು ನೋಡಿದ. ಒಣಗಿಸಿ, ತೊಗಲಿಟ್ಟು, ಪಟ್ಟಿ ಬಿಗಿದು ಕೂಡಿಸಿದ. ಹೊಸ ತಗಡು, ಒಳಗೆಲ್ಲ ತವರದ ಲೇಪ, ಹಳೆಯದರದೇ ಅಳತೆ. ಅರಮನೆಯ ಕಾರುಗಳ ಯಜಮಾನಿಕೆಯೂ ಅವನದೇ ಆಯಿತು.

ಮಾರನೆಯ ಬೆಳಿಗ್ಗೆ ಕಾರು ಕಲಾಯಿಯವರ ಬೀದಿಯಲ್ಲಿ ನಿಂತಿತು. ನಡೆಸಿಕೊಂಡು ಬಂದವಳು ರಾಜಕುಮಾರಿಯೇ. ಬೀದಿಯವರೆಲ್ಲ ಕೇಳುವಂತೆ, ಒಂದು ಮಾತೂ ಬಿಡದೆ, ನಡೆದದ್ದನ್ನು ಹೇಳಿದಳು. ಖಾಸಿಂಬಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಆಮೇಲೆ ರಾಜಕುಮಾರಿ ಕಾರಿನ ಹಿಂದಿನ ಸೀಟಿನಿಂದ ಕಪ್ಪಾಗಿದ್ದ ಒಂದು ಹಿತ್ತಾಳೆ ಪಾತ್ರೆ ತೆಗೆದು, ಎರಡೂ ಕೈಯಲ್ಲಿ ಹಿಡಿದಳು.

“ಕಲಾಯಿ ಹೋಗಿದೆಯಮ್ಮಾ. ಹಾಕಿಕೊಡ್ತೀರಾ?”